ಪ್ರಪದಗಮನ: ಶಿಶುಗಳ ನಿಲುವು ನಡಿಗೆಗಳ ವಿಷಯದಲ್ಲಿ ಪ್ರಾಚೀನರ ವಿಚಾರ

ವೈದ್ಯಶಾಸ್ತ್ರದ ಆಧುನಿಕ ವಿಷಯಗಳನ್ನು ಕನ್ನಡದಲ್ಲಿ ಬರೆಯುವವರಿಗೆ ಪದೇ ಪದೇ ಎದುರಾಗುವ ತೊಡಕುಗಳಲ್ಲಿ ಒಂದನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿದೆ. ನಡೆಯಲು ಕಲಿತ ಮೇಲೆಯೂ ಹಿಮ್ಮಡಿಯನ್ನು ನೆಲಕ್ಕೆ ಊರದೆ, ಕಾಲಿನ ಮುಂಭಾಗದ ಮೇಲೆಯೇ ಅಡಿಯಿಡುವ ಮಕ್ಕಳುಂಟು. ಕುಂಸಿಯಂತಹ ಊರಿನಲ್ಲಾಗಲಿ ಶಿವಮೊಗ್ಗೆ ಭದ್ರಾವತಿಗಳಂತಹ ಪಟ್ಟಣಗಳಲ್ಲಾಗಲಿ ಇಂತಹ ಮಗುವನ್ನು ಮೊದಲು ಕಾಣತಕ್ಕವರು ಮನೆಯ ಹಿರಿಯರು. ಅವರ ಕಣ್ಣಿಗೆ ಬೀಳದಿದ್ದರೆ ಶಾಲೆಯ ಉಪಾಧ್ಯಾಯರು. ಈ ನಡಿಗೆಗೆ ಶಾಸ್ತ್ರೀಯವಾದ ಹೆಸರೇನು? ಸಂಸ್ಕೃತಾಭ್ಯಾಸವುಳ್ಳವರ ಕೈ ಸಹಜವಾಗಿಯೇ ಖಂಜ, ಪಂಗು, ಫಕ್ಕ ಎಂಬ ಮೂರು ಶಬ್ದಗಳ ಕಡೆಗೆ ಹೋಗುವುದು. ಮೂರೂ ಸಲ್ಲವೆಂಬುದನ್ನೂ, ಸಲ್ಲತಕ್ಕ ಶಬ್ದವು ವೈದ್ಯಗ್ರಂಥಗಳ ಹೊರಗೆ ಬಹು ಹಿಂದಿನಿಂದಲೂ ಇದ್ದಿತೆಂಬುದನ್ನೂ ಮುಂದೆ ತೋರಿಸಲಾಗುವುದು.

ಇದು ಬರಿಯ ಹೆಸರಿನ ಜಗಳವೆಂದು ತಳ್ಳಿಹಾಕುವಂತಿಲ್ಲ. ಖಂಜನೆಂದೊಡನೆ ಮಗುವು ಕುಂಟನಾಗುವನು, ಪಂಗುವೆಂದರೆ ಹೆಳವನಾಗುವನು, ಫಕ್ಕನೆಂದರೆ ಬಾಡಿ ಬತ್ತಿದ ರೋಗಿಯಾಗುವನು. ವೈದ್ಯದಲ್ಲಿ ಹೆಸರಿನ ಬೆನ್ನಿಗೆ ನಿದಾನವೂ, ನಿದಾನದ ಬೆನ್ನಿಗೆ ಚಿಕಿತ್ಸೆಯೂ ಬರತಕ್ಕುವು. ಹೆಸರು ತಪ್ಪಿದರೆ ಉಳಿದೆರಡೂ ತಪ್ಪುವುವು.

ಮೊದಲು ಶಬ್ದವಿಚಾರ. ಕಾಲಿನ ಮುಂತುದಿಗೆ ಸಂಸ್ಕೃತದಲ್ಲಿ ಪ್ರಪದವೆಂದು ಹೆಸರು. ಅಮರಕೋಶದಲ್ಲಿ ಇದು ಪಾದಾಗ್ರವೆಂಬರ್ಥದಲ್ಲಿ ಪಠಿತವಾಗಿದೆ. ಕಾಲ್ಬೆರಳ ತುದಿಯವರೆಗೆ ಇಳಿಬೀಳುವ ಉಡುಗೆಯನ್ನು ಹೇಳುವ ಆಪ್ರಪದೀನ ಎಂಬ ರೂಪವನ್ನು ಸಾಧಿಸುವುದಕ್ಕಾಗಿ ಪಾಣಿನಿಯು ಒಂದು ಸೂತ್ರವನ್ನೇ ಮೀಸಲಿಟ್ಟಿರುವನಾದುದರಿಂದ ಶಬ್ದದ ಪ್ರಾಚೀನತೆಯು ನಿಸ್ಸಂದೇಹವಾದುದು. ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿ ವಾನಪ್ರಸ್ಥನ ನಿಯಮಗಳನ್ನು ಹೇಳುವಲ್ಲಿ, ಅವನು ಹಗಲನ್ನು ಪ್ರಪದಗಳ ಮೇಲೆ ನಿಂತು ಕಳೆಯಬಹುದೆಂಬ ವಿಧಿಯು ಬರುವುದು. ಇಲ್ಲಿ ಪ್ರಪದಸ್ಥಿತಿಯು ರೋಗವಲ್ಲ, ವಿಕಾರವಲ್ಲ. ಇಚ್ಛಾಪೂರ್ವಕವಾಗಿ ಕೈಕೊಂಡ ಕಷ್ಟ.

ಕನ್ನಡದಲ್ಲಿಯೂ ಈ ಅವಯವಗಳಿಗೆ ಹೆಸರುಗಳ ಕೊರತೆಯಿಲ್ಲ. ಹಿಮ್ಮಡಿ, ಅಂಗಾಲು, ಮುಂಗಾಲು, ಹರಡು, ಮೀನಖಂಡ ಎಂಬುವು ಮನೆಮನೆಯ ಮಾತುಗಳು. ಮೊಣಕಾಲ ಹಿಂಬದಿಯಿಂದ ಹರಡಿನ ಕಡೆಗೆ ಮೀನಿನಂತೆ ಸಪುರವಾಗುತ್ತ ಇಳಿಯುವ ಮಾಂಸಕ್ಕೆ ಮೀನಖಂಡವೆಂದು ಹೆಸರಿಟ್ಟವನ ಕಣ್ಣು ಚುರುಕಾದುದೆಂದು ಒಪ್ಪಬೇಕು. ತುದಿಗಾಲೆಂಬ ಶಬ್ದವಾದರೋ ಬಳಕೆಯಲ್ಲಿ ಬೇರೊಂದು ಅರ್ಥಕ್ಕೆ ತಿರುಗಿಕೊಂಡಿದೆ. ತುದಿಗಾಲಿನಲ್ಲಿ ನಿಂತಿದ್ದಾನೆಂದರೆ ಹೊರಡುವುದಕ್ಕೆ ಆತುರಪಡುತ್ತಿದ್ದಾನೆಂದು ಭಾವ. ಯಾರೂ ಅಲ್ಲಿ ಬಹಳ ಹೊತ್ತು ನಿಲ್ಲಲಾರರು, ಅದು ಕ್ಷಣಕಾಲದ ನಿಲುವು ಎಂಬ ತಿಳಿವಳಿಕೆಯು ಈ ನುಡಿಗಟ್ಟಿನಲ್ಲಿ ಅಡಗಿದೆ. ಆದಕಾರಣವೇ ಆ ನಿಲುವಿನಲ್ಲಿಯೇ ದಿನವೆಲ್ಲ ಓಡಾಡುವ ಮಗುವನ್ನು ಕಂಡಾಗ, ಅದು ತುಂಟತನವಿರಬೇಕೆಂದು ದೊಡ್ಡವರು ತಿಳಿಯುವುದು.

ತುದಿಗಾಲಿನಲ್ಲಿ ನಿಂತ ಬಾಲಕನೊಬ್ಬನು ಪುರಾಣದಲ್ಲಿ ಪ್ರಸಿದ್ಧನಾಗಿರುವನು. ಭಾಗವತದ ನಾಲ್ಕನೆಯ ಸ್ಕಂಧದ ಧ್ರುವನು ಐದು ವರ್ಷದ ಹುಡುಗ; ಮಧುವನದಲ್ಲಿ ತಪಸ್ಸು ಮಾಡುತ್ತ, ಐದನೆಯ ತಿಂಗಳಲ್ಲಿ ಉಸಿರನ್ನು ಬಿಗಿಹಿಡಿದು ಒಂದೇ ಕಾಲಿನ ಮೇಲೆ ಕಂಬದಂತೆ ನಿಲ್ಲುವನು. ಆಗ ಅವನ ಅಂಗುಷ್ಠದಿಂದ ಒತ್ತಲ್ಪಟ್ಟ ಭೂಮಿಯ ಅರ್ಧವು, ಆನೆಯೇರಿದ ದೋಣಿಯು ಹೆಜ್ಜೆಹೆಜ್ಜೆಗೂ ಎಡಕ್ಕೂ ಬಲಕ್ಕೂ ವಾಲುವಂತೆ, ವಾಲಿತೆಂದು ಕವಿಯು ಹೇಳುವನು. ಉಪಮೆಯ ಉದ್ದೇಶವು ತಪಸ್ಸಿನ ಮಹಿಮೆಯನ್ನು ಸಾರುವುದೇ ಸರಿ. ಆದರೂ ಉಪಮಾನವು ಯಥಾರ್ಥವಾದುದು. ಭಾರವು ದೊಡ್ಡದು, ಅದನ್ನು ಹೊರುವ ತಳವು ಚಿಕ್ಕದು; ಅಂತಹ ಕಡೆ ಅಲುಗದೆ ನಿಲ್ಲುವುದೆಂಬುದಿಲ್ಲ, ವಾಲಿದುದನ್ನು ಮತ್ತೆ ಮತ್ತೆ ಸರಿಪಡಿಸಿಕೊಳ್ಳುವುದೊಂದೇ ಉಂಟು. ಮಹಾಭಾರತದ ವನಪರ್ವದಲ್ಲಿ ಶಿವನನ್ನು ಕುರಿತು ತಪಸ್ಸು ಮಾಡುವ ಅರ್ಜುನನೂ ತೋಳುಗಳನ್ನೆತ್ತಿ, ಯಾವ ಆಸರೆಯೂ ಇಲ್ಲದೆ, ಕಾಲ್ಬೆರಳ ತುದಿಯಲ್ಲಿ ನಿಂತಿದ್ದನೆಂದಿದೆ. ಆಸರೆಯಿಲ್ಲದೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕೆನಿಸಿದುದು ಗಮನಿಸತಕ್ಕುದು.

ಇದಕ್ಕೆ ಪ್ರತಿಯಾದ ನಿಲುವು ಜೈನರ ಕಾಯೋತ್ಸರ್ಗ. ಹುಂಚದ ಬಸದಿಗಳಲ್ಲಿಯೂ ಶ್ರವಣಬೆಳಗೊಳದ ಬೆಟ್ಟದ ಮೇಲೆಯೂ ಕಾಣುವಂತೆ ಅಂಗಾಲೆರಡೂ ನೆಲಕ್ಕೆ ಪೂರಾ ತಾಗಿರಬೇಕು. ಪಾದಗಳ ನಡುವೆ ನಾಲ್ಕಂಗುಲ ಎಡೆಯಿರಬೇಕೆಂದು ಅವರ ಆಚಾರಗ್ರಂಥಗಳು ವಿಧಿಸುವುವು. ಬಹುಕಾಲ ನಿಲ್ಲಬೇಕಾದವನಿಗೆ ತಳವು ಎಷ್ಟಿರಬೇಕೆಂಬುದನ್ನು ಅಳತೆಗೊಳಿಸಿ ಹೇಳಿರುವ ವಾಕ್ಯವಿದು.

ಪ್ರಪದದ ನಿಲುವನ್ನು ಲಕ್ಷಣಕಟ್ಟಿ ಹೇಳಿದವರು ನಾಟ್ಯಶಾಸ್ತ್ರಕಾರರು. ಭರತನು ಪಾದಕ್ಕೆ ಉದ್ಘಟ್ಟಿತ, ಸಮ, ಅಗ್ರತಲಸಂಚಾರ, ಅಂಚಿತ, ಕುಂಚಿತ ಎಂಬ ಐದು ಭೇದಗಳನ್ನು ಎಣಿಸಿರುವನು. ಇವುಗಳಲ್ಲಿ ಅಗ್ರತಲಸಂಚಾರವೆಂಬುದು ಹಿಮ್ಮಡಿಯು ಮೇಲಕ್ಕೆದ್ದು, ಹೆಬ್ಬೆರಳು ಮುಂದಕ್ಕೆ ಚಾಚಿ, ಪಾದದ ಮುಂಭಾಗದ ಮೇಲೆ ದೇಹವು ನಿಲ್ಲುವುದು. ಕುಂಚಿತದಲ್ಲಿಯೂ ಹಿಮ್ಮಡಿಯು ಎದ್ದಿರುವುದು. ಆದರೆ ಬೆರಳುಗಳು ಮಡಿದಿದ್ದು ಪಾದಮಧ್ಯವು ಬಾಗಿರುವುದು. ಹಿಮ್ಮಡಿಯೆದ್ದ ಪಾದವನ್ನು ಒಂದೇ ಎಂದು ಭಾವಿಸದೆ ಬೆರಳುಗಳ ಸ್ಥಿತಿಯಿಂದ ಎರಡಾಗಿ ವಿಂಗಡಿಸಿದುದು ಸೂಕ್ಷ್ಮದೃಷ್ಟಿಯ ಕೆಲಸ. ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ (ಕ್ರಿ. ಶ. 1129ರ ಸುಮಾರು) ನೃತ್ಯವಿನೋದವೆಂಬ ಭಾಗವೇ ಇದೆ. ಕುಂಸಿಯ ಸೀಮೆಯೂ ಯಾರ ಆಳ್ವಿಕೆಗೆ ಒಳಪಟ್ಟಿದ್ದಿತೋ ಆ ಕೆಳದಿಯ ಅರಸುಮನೆತನದ ಬಸವರಾಜನು 1709ರಲ್ಲಿ ರಚಿಸಿದ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ವಿಶ್ವಕೋಶದಲ್ಲಿಯೂ ನಾಟ್ಯವಿಷಯವು ಬರುವುದು. ಹೀಗೆ ಈ ವಿದ್ಯೆಯು ಕನ್ನಡನಾಡಿನಲ್ಲಿ ಎಡೆಬಿಡದೆ ಹರಿದುಬಂದಿದೆ.

ಆದರೆ ನಾಟ್ಯಶಾಸ್ತ್ರಕ್ಕೆ ಇನ್ನೊಂದು ಮುಖವಿದೆ. ಗತಿಪ್ರಚಾರವನ್ನು ಹೇಳುವ ಅಧ್ಯಾಯದಲ್ಲಿ ಖಂಜ, ಪಂಗು, ವಾಮನರ ನಡಿಗೆಗಳನ್ನು ವಿವರಿಸಿ, ಅವನ್ನು ಹಾಸ್ಯರಸಕ್ಕೆ ಆಶ್ರಯವಾಗಿ ಪ್ರಯೋಗಿಸಬೇಕೆಂದು ವಿಧಿಸಿದೆ. ಆ ಕುಂಟುನಡೆಯ ಪ್ರಕಾರಗಳನ್ನು ಹೇಳುವಲ್ಲಿ ಅಗ್ರತಲಸಂಚಾರಪಾದಕ್ಕೂ ಸ್ಥಾನವುಂಟು. ಒಂದೇ ಪಾದಭೇದವು ನರ್ತಕಿಯಲ್ಲಿ ಸೌಷ್ಠವ, ವಿಕಲಾಂಗನ ಅನುಕರಣದಲ್ಲಿ ನಗೆ. ರಂಗಸ್ಥಳದ ಮಟ್ಟಿಗೆ ಇದು ಪ್ರಯೋಗಸೌಕರ್ಯವಾಗಿರಬಹುದು. ಶಾಲೆಯ ಅಂಗಳದಲ್ಲಿ ಜೊತೆಯ ಹುಡುಗರು ಅಣಕಿಸುವಾಗ ಮಗುವಿನ ಪಾಲಿಗೆ ಉಳಿಯುವುದು ಈ ಎರಡನೆಯದೊಂದೇ.

ಇನ್ನು ವೈದ್ಯಗ್ರಂಥಗಳು. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತನೆಯ ಅಧ್ಯಾಯದಲ್ಲಿ ಎಂಬತ್ತು ವಾತವಿಕಾರಗಳ ಪಟ್ಟಿಯಿದೆ. ಪಾದಶೂಲ, ಪಾದಭ್ರಂಶ, ಗುಲ್ಫಗ್ರಹ, ಪಿಂಡಿಕೋದ್ವೇಷ್ಟನ, ಪಾಂಗುಲ್ಯ, ಕುಬ್ಜತ್ವ, ವಾಮನತ್ವ ಮೊದಲಾದುವು ಅದರಲ್ಲಿ ಸೇರಿವೆ. ಪಿಂಡಿಕೋದ್ವೇಷ್ಟನವೆಂದರೆ ಮೀನಖಂಡದ ಸೆಳೆತ. ಗುಲ್ಫಗ್ರಹವೆಂದರೆ ಹರಡಿನ ಬಿಗಿತ. ಇವೆರಡನ್ನೂ ಕೂಡಿಸಿದರೆ ತುದಿಗಾಲಿನ ನಡಿಗೆಗೆ ಸಮೀಪವಾದುದೇನೋ ದೊರೆಯುವಂತೆ ತೋರುವುದು. ಆದರೆ ಚರಕನು ಅವನ್ನು ಕೂಡಿಸಿಲ್ಲ; ಶಿಶುಗಳಿಗೆ ಅನ್ವಯಿಸಿಯೂ ಇಲ್ಲ.

ಸುಶ್ರುತನ ನಿದಾನಸ್ಥಾನದ ವಾತವ್ಯಾಧ್ಯಧ್ಯಾಯವು ಹೆಚ್ಚು ಪ್ರಯೋಜನಕಾರಿ. ಸೊಂಟವನ್ನಾಶ್ರಯಿಸಿದ ವಾಯುವು ಒಂದು ತೊಡೆಯ ಕಂಡರೆಯನ್ನು ಸೆಳೆದರೆ ಮನುಷ್ಯನು ಖಂಜನಾಗುವನು, ಎರಡನ್ನೂ ಕೆಡಿಸಿದರೆ ಪಂಗುವಾಗುವನು ಎಂದು ಅಲ್ಲಿ ಹೇಳಿದೆ. ನಡೆಯತೊಡಗುವಾಗಲೇ ನಡುಗುತ್ತ, ಸಂಧಿಬಂಧಗಳು ಸಡಿಲಗೊಂಡು ಕುಂಟುವವನು ಕಲಾಯಖಂಜ. ಈ ಲಕ್ಷಣಗಳಿಂದಲೇ ಖಂಜ ಪಂಗು ಶಬ್ದಗಳು ಪ್ರಕೃತಕ್ಕೆ ಸಲ್ಲವೆಂಬುದು ಸ್ಪಷ್ಟವಾಗುವುದು. ರೋಗದ ಸ್ಥಾನವು ಸೊಂಟ ತೊಡೆಗಳು. ಫಲವು ಕುಂಟುವುದು ಅಥವಾ ನಡೆಯಲಾರದಿರುವುದು. ತುದಿಗಾಲಿನ ಮಗುವಾದರೋ ಸಾಮಾನ್ಯವಾಗಿ ಕುಂಟುವುದಿಲ್ಲ; ಎರಡು ಕಾಲನ್ನೂ ಸಮವಾಗಿಯೇ ಇಡುವುದು, ಓಡುವುದು, ಜಿಗಿಯುವುದು. ತೊಡಕು ಇರುವುದು ಮೊಣಕಾಲಿನ ಕೆಳಗೆ.

ಹಾಗಿದ್ದರೂ ಸುಶ್ರುತನಿಂದ ಒಂದು ಶಬ್ದವನ್ನು ಮಾತ್ರ ಬಿಡುವಂತಿಲ್ಲ. ಅದು ಕಂಡರಾ. ಚಾಚುವುದಕ್ಕೂ ಮಡಿಸುವುದಕ್ಕೂ ಸಾಧನವಾದ ಹದಿನಾರು ಕಂಡರೆಗಳನ್ನು ಎಣಿಸಿ, ಅವುಗಳಲ್ಲಿ ನಾಲ್ಕನ್ನು ಕಾಲುಗಳಿಗೆ ಹಂಚಿರುವನು. ಗೃಧ್ರಸೀರೋಗವನ್ನು ಹೇಳುವಲ್ಲಿ ಹಿಮ್ಮಡಿಗೂ ಬೆರಳುಗಳಿಗೂ ಸಂಬಂಧಿಸಿದ ಕಂಡರೆಯು ವಾಯುವಿನಿಂದ ಪೀಡಿತವಾಗಿ ಕಾಲನ್ನೆತ್ತಲು ಬಿಡದೆಂದಿದೆ. ಹಿಮ್ಮಡಿಗೆ ಬಂದು ಸೇರುವ ಹುರಿಯೊಂದುಂಟು, ಅದು ಕೆಟ್ಟರೆ ಇಡಿಯ ಕಾಲಿನ ಚಲನವು ಕೆಡುವುದು ಎಂಬ ತಿಳಿವಳಿಕೆ ಇದರಲ್ಲಿದೆ. ಮೀನಖಂಡದಿಂದ ಹಿಮ್ಮಡಿಗಿಳಿಯುವ ದಪ್ಪ ಹುರಿಯನ್ನು ಹಿಮ್ಮಡಿಯ ಕಂಡರೆಯೆಂದು ಕನ್ನಡದಲ್ಲಿ ಕರೆಯುವುದಕ್ಕೆ ಇದಕ್ಕಿಂತ ಹೆಚ್ಚಿನ ಆಧಾರವು ಬೇಕಾಗಿಲ್ಲ.

ಕೌಮಾರಭೃತ್ಯಕ್ಕೆ ಬಂದರೆ ಪ್ರಾಚೀನರ ಎಚ್ಚರವು ಇನ್ನೂ ಮನೋಹರವಾಗಿದೆ. ಕುಳಿತುಕೊಳ್ಳುವ ಶಕ್ತಿ ಬಾರದ ಮಗುವನ್ನು ಕುಳ್ಳಿರಿಸಬಾರದು, ಗೂನು ಬಂದೀತೆಂದು ಸುಶ್ರುತನು ಶಾರೀರಸ್ಥಾನದಲ್ಲಿ ಎಚ್ಚರಿಸುವನು. ಕಾಶ್ಯಪಸಂಹಿತೆಯಲ್ಲಿ ಸಾರಿಸಿದ ನೆಲದ ಮೇಲೆ ಮಗುವನ್ನು ಆಟಿಕೆಗಳ ನಡುವೆ ಕುಳ್ಳಿರಿಸುವ ವಿಧಿಯನ್ನು ಹೇಳಿ, ಬಹಳ ಹೊತ್ತು ಹಾಗೆ ಕುಳ್ಳಿರಿಸಿದರೆ ಸೊಂಟವೂ ಬೆನ್ನೂ ಸೋಲುವುವೆಂದಿದೆ. ಬೋರಲು ಬೀಳುವುದು, ಅಂಬೆಗಾಲಿಡುವುದು, ಹೊಸ್ತಿಲು ದಾಟುವುದು, ಹೆಜ್ಜೆಯಿಡುವುದು ಎಂದು ಮಗುವಿನ ಒಂದೊಂದು ಸಾಧನೆಗೂ ಒಂದೊಂದು ತಿಂಡಿಯನ್ನು ಮಾಡಿ ನೆರೆಮನೆಗೆ ಹಂಚುವ ಕನ್ನಡನಾಡಿನ ಸಂಪ್ರದಾಯವೂ ಇದೇ ಎಚ್ಚರದ ಇನ್ನೊಂದು ರೂಪವೆನ್ನಬಹುದು. ತಿಂಡಿಯ ಹೆಸರು ಮನೆಮನೆಗೂ ಬೇರೆ. ಆದರೆ ಯಾವ ತಿಂಗಳಲ್ಲಿ ಯಾವುದು ನಡೆಯಿತೆಂಬುದು ಅಜ್ಜಿಯರ ನೆನಪಿನಲ್ಲಿ ಉಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಕಾಶ್ಯಪಸಂಹಿತೆಯ ಇತಿಹಾಸವನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ವೃದ್ಧಜೀವಕೀಯ ತಂತ್ರವೆಂದೂ ಹೆಸರುಳ್ಳ ಈ ಗ್ರಂಥವು ಬಹುಕಾಲ ಹೆಸರಿನಿಂದ ಮಾತ್ರವೇ ತಿಳಿದಿದ್ದು, ನೇಪಾಳದ ರಾಜಗುರು ಪಂಡಿತ ಹೇಮರಾಜ ಶರ್ಮರಿಗೆ ದೊರೆತ ತಾಳೆಯೋಲೆಯ ಪ್ರತಿಯಿಂದ, ಅವರ ದೀರ್ಘವಾದ ಉಪೋದ್ಘಾತದೊಡನೆ, ಯಾದವಜೀ ತ್ರಿಕಮಜೀ ಆಚಾರ್ಯರ ಪ್ರಯತ್ನದಿಂದ 1938ರಲ್ಲಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಲ್ಲಿ ಅಚ್ಚಾಯಿತು. ಪ್ರತಿಯು ಖಂಡಿತವಾದುದು, ಎಷ್ಟೋ ಅಧ್ಯಾಯಗಳು ನಷ್ಟವಾಗಿವೆ. ಫಕ್ಕಚಿಕಿತ್ಸೆಯು ಉಳಿದುದು ಭಾಗ್ಯ.

ಒಂದು ವರ್ಷ ತುಂಬಿದರೂ ಕಾಲುಗಳಿಂದ ನಡೆಯದ ಶಿಶುವೇ ಫಕ್ಕನೆಂದು ಕಾಶ್ಯಪನ ಲಕ್ಷಣ. ಇದು ಮೂರು ಬಗೆ. ಕಫದುಷ್ಟವಾದ ಹಾಲನ್ನು ಕುಡಿದುದರಿಂದ ಬಂದುದು ಕ್ಷೀರಜ. ಹಾಲೂಡುತ್ತಿರುವಾಗಲೇ ತಾಯಿಯು ಮತ್ತೆ ಗರ್ಭಿಣಿಯಾಗಿ ಹಾಲು ಬತ್ತಿದುದರಿಂದ ಬಂದುದು ಗರ್ಭಜ. ಜ್ವರಾದಿಗಳಿಂದ ಬಂದುದು ವ್ಯಾಧಿಜ. ಮೂರನೆಯದರ ವರ್ಣನೆಯನ್ನು ಓದುವಾಗ ಮನಸ್ಸು ಕಲಕುವುದು. ಮಾಂಸ ಬಲ ಕಾಂತಿಗಳನ್ನು ಕಳೆದುಕೊಂಡು, ಪೃಷ್ಠವೂ ತೋಳು ತೊಡೆಗಳೂ ಒಣಗಿ, ಹೊಟ್ಟೆಯೂ ತಲೆಯೂ ದೊಡ್ಡದಾಗಿ, ಕಣ್ಣು ಹಳದಿಯಾಗಿ, ಎಲುಬಿನ ಗೂಡು ಮಾತ್ರ ಉಳಿದು, ಕೈಯೂ ಮಂಡಿಯೂ ಊರಿ ತೆವಳುವ ಮಗುವು ಅಲ್ಲಿ ಕಾಣುವುದು. ಅನಾಥಶಿಶುವಿಗೆ ಒದಗುವ ಕ್ಲೇಶವಿದೆಂದು ಗ್ರಂಥಕಾರನು ಹೇಳಲು ಮರೆತಿಲ್ಲ. ಬಡತನವನ್ನೂ ನಿದಾನಗಳಲ್ಲಿ ಒಂದಾಗಿ ಕಂಡ ವೈದ್ಯನವನು.

ಫಕ್ಕವನ್ನು ಆಧುನಿಕರ ರಿಕೆಟ್ಸ್ ಎಂಬ ಎಲುಬ್ಮೆದು ರೋಗದೊಡನೆ ಸಮೀಕರಿಸುವ ಪದ್ಧತಿಯು ಬೆಳೆದುಬಂದಿದೆ. ಇದು ಪೂರ್ಣವಾಗಿ ಒಪ್ಪತಕ್ಕುದಲ್ಲ. ಕಾಶ್ಯಪನು ಹೇಳುವುದು ಒಂದು ರೋಗವನ್ನಲ್ಲ, ನಡಿಗೆ ಬಾರದಿರುವಿಕೆಯೆಂಬ ಒಂದು ಫಲವನ್ನು. ಅದರ ಕಾರಣಗಳು ನಾನಾ. ವರ್ಣಿತವಾದ ಲಕ್ಷಣಗಳಲ್ಲಿ ಹೆಚ್ಚಿನವು ಅನ್ನದ ಕೊರತೆಯಿಂದ ಸೊರಗಿದ ಮಗುವಿಗೆ ಒಪ್ಪುವುವು. ಇನ್ನು ಅವನ ಕಾಲಮಿತಿಯೂ ಬಿಗಿಯಾದುದೇ. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಅಳತೆಯ ಪ್ರಕಾರ ಆರೋಗ್ಯವಂತರಾದ ಮಕ್ಕಳು ಸುಮಾರು 8ನೆಯ ತಿಂಗಳಿನಿಂದ ಹಿಡಿದು ಸುಮಾರು 18ನೆಯ ತಿಂಗಳಿನೊಳಗೆ ತಾವಾಗಿ ನಡೆಯತೊಡಗುವರು. ವರ್ಷಕ್ಕೆ ನಡೆಯದವರೆಲ್ಲರೂ ಫಕ್ಕರೆಂದರೆ ಎಷ್ಟೋ ಗಟ್ಟಿಮುಟ್ಟಾದ ಕೂಸುಗಳಿಗೆ ಘೃತಪಾನವನ್ನೂ ಶೋಧನವನ್ನೂ ಮಾಡಿಸಬೇಕಾದೀತು. ತುದಿಗಾಲಿನ ಮಗುವು ಫಕ್ಕವಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ, ಅದು ನಡೆಯುತ್ತದೆ.

ಹೀಗೆ ಹೆಸರು ಸಲ್ಲದಿದ್ದರೂ ಕ್ರಮವು ಸಲ್ಲುವುದು. ವಯಸ್ಸನ್ನು ಕೇಳು, ಹಾಲನ್ನೂ ಅನ್ನವನ್ನೂ ಕೇಳು, ಹಿಂದೆ ಬಂದ ಕಾಯಿಲೆಯನ್ನು ಕೇಳು, ಆಮೇಲೆ ಔಷಧದೊಡನೆ ಅಭ್ಯಾಸವನ್ನೂ ಕೊಡು ಎಂಬುದು ಕಾಶ್ಯಪನ ರೀತಿ. ಕಲ್ಯಾಣಕಘೃತ, ಬ್ರಾಹ್ಮೀಘೃತ, ತೈಲಾಭ್ಯಂಗಗಳನ್ನು ಹೇಳಿ ಮುಗಿಸಿದ ಮೇಲೆ, ಕುಶಲನಾದ ಶಿಲ್ಪಿಯಿಂದ ಮೂರು ಚಕ್ರದ ಫಕ್ಕರಥವೊಂದನ್ನು ಮಾಡಿಸಿ, ಅದರ ಸಹಾಯದಿಂದ ಮಗುವು ಮೆಲ್ಲಮೆಲ್ಲನೆ ನಡಿಗೆಯನ್ನು ಅಭ್ಯಸಿಸಬೇಕೆನ್ನುವನು. ವೈದ್ಯನ ಪಕ್ಕದಲ್ಲಿ ಬಡಗಿಯು ಬಂದು ನಿಲ್ಲುವ ಇಂತಹ ಸಂದರ್ಭವು ನಮ್ಮ ವೈದ್ಯವಾಙ್ಮಯದಲ್ಲಿ ವಿರಳ.

ಇದರ ಬೆಲೆಯು ತಿಳಿಯಬೇಕಾದರೆ ಇದೇ ಶಾಸ್ತ್ರದ ಇನ್ನೊಂದು ಕವಲನ್ನು ನೋಡಬೇಕು. ಶಿಶುವಿನ ಕೈಕಾಲುಗಳ ವಿಪರೀತಚೇಷ್ಟೆಗಳನ್ನು ಸುಶ್ರುತನ ಉತ್ತರತಂತ್ರವು ಒಂಬತ್ತು ಗ್ರಹಗಳಿಗೂ, ವಾಗ್ಭಟನ ಗ್ರಂಥವು ಹನ್ನೆರಡು ಗ್ರಹಗಳಿಗೂ ಆರೋಪಿಸಿ ಬಲಿ ಧೂಪ ರಕ್ಷಾದಿಗಳನ್ನು ವಿಧಿಸುವುವು. ಕನ್ನಡದಲ್ಲಿಯೂ ಈ ಕವಲಿಗೆ ಪ್ರತ್ಯೇಕ ಗ್ರಂಥವಿದೆ, ಕ್ರಿ. ಶ. 1200ರ ಸುಮಾರಿನ ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆಯೇ ಅದು. ಪೂಜ್ಯಪಾದರ ಸಂಸ್ಕೃತ ಕೃತಿಯನ್ನನುಸರಿಸಿ ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಬರೆದ ಕರ್ಣಾಟಕ ಕಲ್ಯಾಣಕಾರಕವಾದರೋ ಮದ್ಯ ಮಾಂಸ ಮಧುಗಳನ್ನು ಬಿಟ್ಟು ಔಷಧಗಳನ್ನು ಹೇಳುವ ಶುದ್ಧವೈದ್ಯಗ್ರಂಥ. ಒಂದೇ ಕಾಲದ ಒಂದೇ ಮತದ ವಿದ್ವಾಂಸರಲ್ಲಿ ಎರಡೂ ಕವಲುಗಳು ನಡೆದಿದ್ದುವು. ಗ್ರಹವೆಂದು ಬಗೆದರೆ ಮಗುವಿನ ಕಾಲನ್ನು ನೋಡುವ ಅವಶ್ಯಕತೆಯೇ ಇಲ್ಲ. ನೋಟವೆಲ್ಲ ಮೇಲಕ್ಕೆ ಹೋಗುವುದು. ಕಾಶ್ಯಪನ ಗ್ರಂಥದಲ್ಲಿಯೂ ಗ್ರಹಗಳಿಗೆ ಬಹಳ ಸ್ಥಳವಿದೆ. ಆದರೆ ನಡೆಯದ ಮಗುವಿನ ಮಾತು ಬಂದಾಗ ಅವನು ಕಾಲನ್ನೇ ನೋಡಿದನು.

ಈಗ ಪಶ್ಚಿಮದ ವೈದ್ಯರ ಮಾತು. ಲಂಡನ್ನಿನ ವಿಲಿಯಂ ಲಿಟ್ಲ್ ಎಂಬಾತನು (1810–1894) ಬಾಲ್ಯದ ಕಾಯಿಲೆಯಿಂದ ತಾನೇ ಸೊಟ್ಟಗಾಲಿನವನಾಗಿದ್ದನು. 1836ರಲ್ಲಿ ಜರ್ಮನಿಯ ಹಾನೋವರಿಗೆ ಹೋಗಿ ಸ್ಟ್ರೋಮೈಯರನಿಂದ ಹಿಮ್ಮಡಿಯ ಕಂಡರೆಯನ್ನು ಕತ್ತರಿಸಿಸಿಕೊಂಡು ಗುಣಹೊಂದಿ, ಆ ವಿದ್ಯೆಯನ್ನು ತನ್ನ ದೇಶಕ್ಕೆ ತಂದನು. ಹೆರಿಗೆಯ ಕಾಲದಲ್ಲಿ ಮಿದುಳಿಗೆ ತೊಂದರೆಯಾದ ಮಕ್ಕಳಲ್ಲಿ ಕಾಲುಗಳು ಬಿಗಿದು ಹಿಮ್ಮಡಿಯೇಳುವುದನ್ನು ಅವನು ಆಮೇಲೆ ವಿವರಿಸಿದನು. 1868ರಲ್ಲಿ ಫ್ರಾನ್ಸಿನ ಡ್ಯುಶೆನ್ನನು ಗಂಡುಮಕ್ಕಳಲ್ಲಿ ಮೀನಖಂಡವು ದಪ್ಪವಾಗಿ ಕಂಡರೂ ಬಲವು ಕುಂದುತ್ತ ಹೋಗುವ ಸ್ನಾಯುಕ್ಷಯವನ್ನು ವರ್ಣಿಸಿದನು; ಆ ಮಕ್ಕಳೂ ತುದಿಗಾಲಿನಲ್ಲಿ ನಡೆಯುವರು. ಈ ಎರಡೂ ಇಲ್ಲದೆ, ಕಂಡರೆಯೊಂದೇ ಗಿಡ್ಡವಾಗಿರುವ ಮಕ್ಕಳನ್ನು 1967ರಲ್ಲಿ ಹಾಲ್, ಸಾಲ್ಟರ್, ಭಲ್ಲಾ ಎಂಬ ಮೂವರು ಬೇರೆಯಾಗಿ ಗುರುತಿಸಿದರು. ಯಾವ ಕಾರಣವೂ ತೋರದ ತುದಿಗಾಲ್ನಡೆಯೆಂಬ ವರ್ಗವು ಹೀಗೆ ಕ್ರಮೇಣ ಗಟ್ಟಿಯಾಯಿತು. ಸ್ವೀಡನ್ನಿನ ಬ್ಲೆಕಿಂಗೆ ಪ್ರಾಂತದ ಐದೂವರೆ ವರ್ಷದ 1436 ಮಕ್ಕಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಶೇಕಡ 4.9ರಷ್ಟು ಮಕ್ಕಳು ಒಂದಲ್ಲ ಒಂದು ಕಾಲದಲ್ಲಿ ಹೀಗೆ ನಡೆದಿದ್ದರೆಂದೂ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ವಯಸ್ಸಿನೊಳಗೆ ತಾವಾಗಿಯೇ ಬಿಟ್ಟಿದ್ದರೆಂದೂ ಕಂಡುಬಂದಿದೆ. ಆಟಿಸಂ ಮೊದಲಾದ ಬೆಳವಣಿಗೆಯ ತೊಡಕುಗಳಿರುವ ಮಕ್ಕಳಲ್ಲಿ ಈ ನಡಿಗೆಯು ಇನ್ನೂ ಹೆಚ್ಚು.

ಸಮತೋಲದ ಪ್ರಶ್ನೆಯು ಇಲ್ಲಿ ಬರುವುದು. ನಿಂತ ದೇಹದ ಭಾರಕೇಂದ್ರದಿಂದ ಇಳಿಬಿಟ್ಟ ತೂಗುಗುಂಡಿನ ದಾರವು ಪಾದಗಳು ಆವರಿಸಿದ ನೆಲದೊಳಗೆ ಬಿದ್ದಿರುವವರೆಗೆ ಮನುಷ್ಯನು ಬೀಳನು. ಹಿಮ್ಮಡಿಯನ್ನೆತ್ತಿದೊಡನೆ ಆ ನೆಲವು ಅರ್ಧಕ್ಕಿಂತ ಕಡಿಮೆಯಾಗುವುದು, ಭಾರಕೇಂದ್ರವು ಮೇಲೇರುವುದು. ಕಣ್ಣು, ಒಳಗಿವಿಯ ಕಾಲುವೆಗಳು, ಅಂಗಾಲಿನ ಮತ್ತು ಸಂಧಿಗಳ ಸ್ಪರ್ಶ ಈ ಮೂರರಿಂದ ಬರುವ ವಾರ್ತೆಗಳನ್ನು ಮಿದುಳು ಕೂಡಿಸಿ, ಹರಡಿನ ಸುತ್ತಣ ಮಾಂಸಗಳಿಂದ ವಾಲನ್ನು ಕ್ಷಣಕ್ಷಣಕ್ಕೂ ತಿದ್ದುವುದು. ಹಿಮ್ಮಡಿಯು ನೆಲಕ್ಕೆ ತಾಗದಿರುವಾಗ ಸ್ಪರ್ಶದ ವಾರ್ತೆಯಲ್ಲಿ ಒಂದು ಪಾಲು ನಷ್ಟವಾಗುವುದು. ಆಗಲೇ ಬಿಗಿದಿರುವ ಮೀನಖಂಡಕ್ಕೆ ತಿದ್ದುವ ಅವಕಾಶವೂ ಕಡಿಮೆ. ಗತಿಯನ್ನೂ ಚಾಚುವಿಕೆಯನ್ನೂ ವ್ಯಾನವಾಯುವಿಗೆ ಒಪ್ಪಿಸಿದ ಚರಕನು ದೇಹವೆಲ್ಲವನ್ನೂ ವ್ಯಾಪಿಸಿದ ಒಂದು ನಿಯಾಮಕಶಕ್ತಿಯನ್ನು ಊಹಿಸಿದ್ದನು. ಮೂರು ಇಂದ್ರಿಯಗಳ ಈ ಒಪ್ಪಂದವು ಮಾತ್ರ ಹತ್ತೊಂಬತ್ತನೆಯ ಶತಮಾನದ ಪ್ರಯೋಗಗಳಿಂದಲೇ ತಿಳಿಯಬೇಕಾಯಿತು.

ಮಲೆನಾಡಿನ ಬಾಳುವೆಯಲ್ಲಿ ಇದನ್ನು ಪರೀಕ್ಷಿಸುವುದಕ್ಕೆ ಯಂತ್ರವೇನೂ ಬೇಕಾಗಿಲ್ಲ. ಹಿಮ್ಮಡಿಯೂರಿ ಕುಕ್ಕುರುಗಾಲಿನಲ್ಲಿ ಕುಳಿತುಕೊಳ್ಳೆಂದರೆ ಕಂಡರೆಯು ಗಿಡ್ಡವಾದ ಮಗುವು ಹಿಂದಕ್ಕೆ ಬೀಳುವುದು, ಇಲ್ಲವೆ ಹಿಮ್ಮಡಿಯನ್ನೆತ್ತಿಯೇ ಕೂರುವುದು. ಕುಂಸಿಯಿಂದ ಪಶ್ಚಿಮಕ್ಕೆ ಸಾಗರ, ಹೊಸನಗರಗಳ ಕಡೆಗೆ ಹೋದಂತೆ ಹಳ್ಳಕ್ಕೆ ಅಡ್ಡಲಾಗಿ ಮರದ ದಿಮ್ಮಿಗಳನ್ನಿಟ್ಟು ಕಟ್ಟಿದ ಕಾಲುಸಂಕಗಳುಂಟು. ಮಳೆಗಾಲದಲ್ಲಿ ಪಾಚಿಗಟ್ಟಿ ಜಾರುವ ಆ ಸಂಕವನ್ನು ದಾಟಿ ಶಾಲೆಗೆ ಹೋಗಬೇಕಾದ ಮಕ್ಕಳಿಗೆ ಹಿಮ್ಮಡಿಯ ಊರಿಕೆಯು ಪ್ರಾಣದ ವಿಷಯ. ತುದಿಗಾಲಿನ ಮಗುವು, ಊರು ಎಂದರೆ ಊರುವುದು. ಮನಸ್ಸು ಬೇರೆ ಕಡೆ ಹೋದೊಡನೆ ಮತ್ತೆ ಏಳುವುದು. ಈ ಕಾರಣದಿಂದಲೇ ಅದಕ್ಕೆ ಬೈಗುಳವೂ ಕೆಲವೆಡೆ ಏಟೂ ಬೀಳುವುದು. ಏಟಿನಿಂದ ಕಂಡರೆಯು ಉದ್ದವಾದುದನ್ನು ಯಾವ ಶಾಸ್ತ್ರವೂ ಹೇಳಿಲ್ಲ. ಮೂರು ವರ್ಷ ಕಳೆದರೂ ಬಿಡದಿದ್ದರೆ, ಅಥವಾ ಮೊದಲು ಹಿಮ್ಮಡಿಯೂರಿ ನಡೆದ ಮಗುವು ಹೊಸದಾಗಿ ತುದಿಗಾಲಿಗೆ ಏರಿದರೆ, ಅಥವಾ ಒಂದೇ ಕಾಲಿನಲ್ಲಿ ಹೀಗಿದ್ದರೆ ವೈದ್ಯರಿಗೆ ತೋರಿಸತಕ್ಕುದು. ಮೀನಖಂಡವನ್ನು ಹಿಗ್ಗಿಸುವ ವ್ಯಾಯಾಮ, ಕೆಲವು ವಾರಗಳ ಕಾಲ ಹಾಕುವ ಗಚ್ಚಿನ ಕಟ್ಟು, ಕಾಲ್ಪಟ್ಟಿ, ಕೆಲವರಿಗೆ ಮಾತ್ರ ಶಸ್ತ್ರಚಿಕಿತ್ಸೆ ಎಂಬುದು ಈಗಿನ ಕ್ರಮ.

ನಡಿಗೆಯ ತೊಡಕಿಗೆ ಹೆಸರಿಡುವಲ್ಲಿ ಅವಸರಪಟ್ಟರೆ ಏನಾಗುವುದೆಂಬುದಕ್ಕೆ ನಿದರ್ಶನವು ಇದೇ ಜಿಲ್ಲೆಯಲ್ಲಿದೆ. ಕುಂಸಿಯ ಹಾದಿಯಲ್ಲಿಯೇ ಮುಂದೆ ಆನಂದಪುರವನ್ನು ದಾಟಿದರೆ ಸಾಗರ. ಆ ತಾಲೂಕಿನ ಹಂದಿಗೋಡಿನಲ್ಲಿ 1975ರ ಸುಮಾರಿಗೆ, ಸೊಂಟದ ಮತ್ತು ಮೊಣಕಾಲಿನ ಸಂಧಿಗಳು ನೊಂದು, ನಡಿಗೆ ವಾಲಿ, ಕೆಲವರಲ್ಲಿ ಬೆಳವಣಿಗೆಯೇ ಕುಗ್ಗಿ ಕುಳ್ಳರಾಗುವ ವ್ಯಾಧಿಯೊಂದು ಹೊರಲೋಕಕ್ಕೆ ತಿಳಿಯಿತು. ಗದ್ದೆಗೆ ಹೊಡೆದ ಕೀಟನಾಶಕವನ್ನು ಹೀರಿದ ಏಡಿಗಳನ್ನು ತಿಂದುದೇ ಕಾರಣವೆಂದು ಮೊದಲು ಸಂಶಯಪಟ್ಟರು. ಹೈದರಾಬಾದಿನ ರಾಷ್ಟ್ರೀಯ ಪೋಷಣಸಂಸ್ಥೆಯವರು 1977ರಲ್ಲಿ ಇದನ್ನು ಮಲೆನಾಡಿನ ಕುಟುಂಬಗಳಲ್ಲಿ ಬರುವ ಸಂಧಿರೋಗವೆಂದು ವರ್ಣಿಸಿದರು. ಆಮೇಲಿನ ಪರೀಕ್ಷೆಗಳಿಂದ, ಬೆನ್ನೆಲುಬನ್ನೂ ಎಲುಬುಗಳ ತುದಿಗಳನ್ನೂ ಕೆಡಿಸುವ ಇದು ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಸಾಕಾಗುವ ಆನುವಂಶಿಕ ರೋಗವೆಂದು ತಿಳಿದುಬಂದಿತು. ಚರಕನ ಎಂಬತ್ತರ ಪಟ್ಟಿಯಲ್ಲಿ ಇದನ್ನು ಹುಡುಕುವವನಿಗೆ ಪಾಂಗುಲ್ಯವೂ ಸಿಗುವುದು, ಕುಬ್ಜತ್ವವೂ ಸಿಗುವುದು, ವಾಮನತ್ವವೂ ಸಿಗುವುದು. ಒಂದು ಮನೆತನದಲ್ಲಿ ಇವು ಮೂರೂ ಒಂದೇ ಬೇರಿನಿಂದ ಏಳುವುವೆಂಬುದು ಸಿಗಲಾರದು.

ಆದುದರಿಂದ ತುದಿಗಾಲಿನ ನಡಿಗೆಗೆ ರೋಗವಾಚಕವಾದ ಶಬ್ದವನ್ನು ಬಿಟ್ಟು, ಕಂಡುದನ್ನಷ್ಟೇ ಹೇಳುವ ಶಬ್ದವನ್ನು ಇಡುವುದು ಲೇಸು. ಸಂಸ್ಕೃತದಲ್ಲಿ ಪ್ರಪದಗಮನವೆಂದೂ ಕನ್ನಡದಲ್ಲಿ ತುದಿಗಾಲ್ನಡೆಯೆಂದೂ ಹೇಳಬಹುದು. ಅಗ್ರತಲಸಂಚಾರವು ಲಕ್ಷಣದಲ್ಲಿ ಸಮೀಪವಾದರೂ ನಾಟ್ಯದಲ್ಲಿ ರೂಢವಾದುದರಿಂದ ಅಲ್ಲಿಯೇ ಇರಲಿ. ಕಾರಣವು ತಿಳಿದ ಮೇಲೆ ಮಿದುಳಿನದೋ ಸ್ನಾಯುವಿನದೋ ಕಂಡರೆಯದೋ ಎಂಬುದನ್ನು ವಿಶೇಷಣದಿಂದ ಸೇರಿಸಿಕೊಳ್ಳಬಹುದು.

ಫಕ್ಕರಥದ ವಿಷಯವಾಗಿ ಒಂದು ಮಾತು ಉಳಿದಿದೆ. ಮಗುವನ್ನು ನಡುವೆ ಕೂರಿಸಿ ಸುತ್ತಲೂ ಚಕ್ರಗಳಿರುವ ಬಳೆಯಾಕಾರದ ಗಾಡಿಗಳು ಈಗ ಪೇಟೆಯಲ್ಲಿ ಹೇರಳವಾಗಿವೆ. ಇವುಗಳಲ್ಲಿ ಮಗುವು ತನ್ನ ಭಾರವನ್ನು ತಾನು ಹೊರದೆ ಮುಂಗಾಲಿನಿಂದ ನೆಲವನ್ನು ಒದೆಯುತ್ತ ಸಾಗುವುದು. ಮೆಟ್ಟಿಲಿನಿಂದ ಉರುಳಿ ತಲೆಗೆ ಪೆಟ್ಟಾಗುವುದೂ ಉಂಟು. ಕೆನಡಾ ದೇಶದಲ್ಲಿ 2004ರಲ್ಲಿ ಇವುಗಳ ಮಾರಾಟವನ್ನೇ ನಿಷೇಧಿಸಿದರು. ಕಾಶ್ಯಪನು ಹೇಳಿದುದು ನಡಿಗೆಯ ಅಭ್ಯಾಸ, ಅದೂ ಮೆಲ್ಲಮೆಲ್ಲನೆ. ಇದಕ್ಕೆ ಒಪ್ಪುವುದು ಕನ್ನಡನಾಡಿನ ಬಡಗಿಗಳು ಮಾಡುತ್ತ ಬಂದಿರುವ ಮೂರು ಗಾಲಿಯ ಮರದ ತಳ್ಳುಬಂಡಿ. ಅದರಲ್ಲಿ ಕೂರುವುದಕ್ಕೆ ಸ್ಥಳವಿಲ್ಲ; ಮಗುವು ಅಡ್ಡಪಟ್ಟಿಯನ್ನು ಹಿಡಿದು, ತನ್ನ ಭಾರವನ್ನು ತಾನೇ ಹೊತ್ತು, ಅಂಗಾಲನ್ನೂರಿ ತಳ್ಳಬೇಕು.